ಹಲ್ಲಿನ ಸಾಕ್ಷ್ಯ

ಕೊಲೆಗಾರನು ಶವವನ್ನು ಸುಡಬಹುದು, ಹೂಳಬಹುದು, ನೀರಿಗೆ ಎಸೆಯಬಹುದು. ಮಾಂಸವು ಕರಗಿದರೂ ಎಲುಬು ಬಹುಕಾಲ ಉಳಿಯುತ್ತದೆ. ಎಲುಬು ಚೂರಾದರೂ ಹಲ್ಲು ಉಳಿದಿರುವುದುಂಟು. ಹಲ್ಲಿನ ಮೇಲಣ ಎನಾಮಲ್ ಪದರಕ್ಕಿಂತ ಗಟ್ಟಿಯಾದ ವಸ್ತು ಮಾನವಶರೀರದಲ್ಲಿ ಬೇರೊಂದಿಲ್ಲ. ಸೊಂಟದ ಎಲುಬಿನ ಆಕಾರದಿಂದ ಗಂಡೋ ಹೆಣ್ಣೋ ಎಂಬುದನ್ನೂ ತೊಡೆಯೆಲುಬಿನ ಉದ್ದದಿಂದ ಎತ್ತರವನ್ನೂ ತಜ್ಞರು ಅಂದಾಜು ಮಾಡುತ್ತಾರೆ. ಆದರೆ ಅಷ್ಟರಿಂದಲೇ ಸತ್ತವನು ಇಂಥವನೇ ಎಂದು ಹೇಳಲಾಗದು. ಹೆಸರು ಹೇಳುವ ಭಾರವು ಅನೇಕ ವೇಳೆ ಹಲ್ಲಿನ ಮೇಲೆಯೇ ಬೀಳುತ್ತದೆ.

1849ರ ನವೆಂಬರಿನಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಡಾ. ಜಾರ್ಜ್ ಪಾರ್ಕ್‌ಮನ್ ಎಂಬ ಸಿರಿವಂತರು ಕಾಣೆಯಾದರು. ಹಾರ್ವರ್ಡ್ ವೈದ್ಯಕೀಯ ಕಾಲೇಜಿನ ರಸಾಯನಶಾಸ್ತ್ರದ ಪ್ರಾಧ್ಯಾಪಕ ಜಾನ್ ವೆಬ್‌ಸ್ಟರನು ಅವರಿಂದ ಪಡೆದ ಸಾಲವನ್ನು ತೀರಿಸಿರಲಿಲ್ಲ. ವಾರವೊಂದು ಕಳೆಯುವಷ್ಟರಲ್ಲಿ ಕಾಲೇಜಿನ ಜವಾನನು ವೆಬ್‌ಸ್ಟರನ ಪ್ರಯೋಗಶಾಲೆಯ ಶೌಚಗುಂಡಿಯ ಗೋಡೆಯನ್ನು ಒಡೆದು ನೋಡಲು, ಮನುಷ್ಯದೇಹದ ಭಾಗಗಳು ಕಂಡವು. ಕುಲುಮೆಯ ಬೂದಿಯಲ್ಲಿ ದವಡೆಯ ಚೂರುಗಳೂ ಕೃತಕ ದಂತಗಳೂ ದೊರೆತವು. ಆ ಕಾಲೇಜಿಗೆ ನೆಲವನ್ನು ದಾನವಿತ್ತವರೂ ಇದೇ ಪಾರ್ಕ್‌ಮನ್ನರೆಂಬುದು ವಿಧಿಯ ಕ್ರೂರ ವಿನೋದವೇ ಸರಿ.

ದಂತವೈದ್ಯ ನೇಥನ್ ಕೀಪರು ಆ ದಂತಗಳನ್ನು ತಾವೇ 1846ರಲ್ಲಿ ಮಾಡಿಕೊಟ್ಟವೆಂದು ಗುರುತಿಸಿದರು. ಬರಿಯ ನೆನಪನ್ನು ನಂಬಿ ನುಡಿದ ಮಾತಲ್ಲ ಅದು. ಅಂದಿನ ಅಚ್ಚು ಅವರ ಬಳಿ ಭದ್ರವಾಗಿತ್ತು. ನ್ಯಾಯಾಲಯದಲ್ಲಿ ದಂತವು ಅಚ್ಚಿಗೆ ಹೊಂದಿತು. ಅಪರಾಧವು ಸಿದ್ಧವಾಗಿ ವೆಬ್‌ಸ್ಟರನಿಗೆ 1850ರ ಆಗಸ್ಟ್ 30ರಂದು ಗಲ್ಲಾಯಿತು. ಅದಕ್ಕೆ ಮುನ್ನ ಅವನು ತಪ್ಪೊಪ್ಪಿಕೊಂಡಿದ್ದನು. ಕೀಪರ ಕುಶಲತೆಯನ್ನು ಹೊಗಳುವವರು ಅವರ ಕಪಾಟನ್ನೂ ಹೊಗಳಬೇಕು. ಹಳೆಯ ಅಚ್ಚಿಲ್ಲದಿದ್ದರೆ ಆ ಹಲ್ಲು ಮೂಕಸಾಕ್ಷಿಯಾಗಿಯೇ ಉಳಿಯುತ್ತಿತ್ತು.

ಕಚ್ಚಿದ ಗುರುತಿನ ಮಾತು ಇದರಂತಲ್ಲ. ಚರ್ಮವು ಮೇಣದ ಹಲಗೆಯಲ್ಲ. ಅದು ಜಗ್ಗುತ್ತದೆ, ಬಾಯುತ್ತದೆ, ಬಣ್ಣ ಬದಲಿಸುತ್ತದೆ. ಅರಿಝೋನಾದಲ್ಲಿ ಕಚ್ಚುಗುರುತನ್ನೇ ಮುಖ್ಯವಾಗಿ ನಂಬಿ 1992ರಲ್ಲಿ ಒಬ್ಬನಿಗೆ ಮರಣದಂಡನೆ ವಿಧಿಸಲಾಯಿತು. ಹತ್ತು ವರ್ಷಗಳ ಸೆರೆವಾಸದ ತರುವಾಯ, 2002ರಲ್ಲಿ, ಡಿಎನ್‌ಎ ಪರೀಕ್ಷೆಯಿಂದ ಅವನು ನಿರಪರಾಧಿಯೆಂದು ತಿಳಿಯಿತು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯು 2009ರ ವರದಿಯಲ್ಲಿ ಈ ವಿಧಾನದ ವೈಜ್ಞಾನಿಕ ಬುನಾದಿಯನ್ನೇ ಪ್ರಶ್ನಿಸಿತು.

ಕನ್ನಡನಾಡಿಗೂ ಈ ವಿಚಾರವು ದೂರದ್ದಲ್ಲ. 2012ರ ದೆಹಲಿಯ ಘೋರ ಪ್ರಕರಣದಲ್ಲಿ ಕಚ್ಚುಗುರುತುಗಳ ಛಾಯಾಚಿತ್ರಗಳನ್ನು ಆರೋಪಿಗಳ ದಂತದ ಅಚ್ಚುಗಳೊಡನೆ ಹೋಲಿಸಿದ್ದು ಧಾರವಾಡದ ಎಸ್.ಡಿ.ಎಂ. ದಂತವೈದ್ಯಕೀಯ ಕಾಲೇಜಿನಲ್ಲಿ. ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಆ ವರದಿಯನ್ನು ಮನ್ನಿಸಿತು. ಆದರೆ ಅಲ್ಲಿ ಮೃತಳ ಮರಣಕಾಲದ ಹೇಳಿಕೆಯಿತ್ತು, ಗಾಯಗೊಂಡು ಉಳಿದ ಸಂಗಡಿಗನ ಸಾಕ್ಷ್ಯವಿತ್ತು, ಡಿಎನ್‌ಎ ಇತ್ತು. ಇವುಗಳ ನಡುವೆ ನಿಂತುದರಿಂದ ಕಚ್ಚುಗುರುತಿಗೆ ಬಲ ಬಂದಿತು. ಒಂಟಿಯಾಗಿ ಬಂದ ಕಚ್ಚುಗುರುತಿನ ಮೇಲೆ ಒಬ್ಬನ ಪ್ರಾಣವನ್ನು ತೂಗುವುದು ಯಾವ ನ್ಯಾಯಾಧೀಶರಿಗೂ ತರವಲ್ಲ.

ಸತ್ತವರ ಹೆಸರನ್ನು ಹಲ್ಲಿನಿಂದ ತಿಳಿಯಬೇಕಾದರೆ, ಬದುಕಿದ್ದಾಗಲೇ ಅವರ ದಂತವಿವರವು ಎಲ್ಲಿಯಾದರೂ ಬರೆದಿರಬೇಕು. ಹಲ್ಲು ಕಿತ್ತು ಚೀಟಿಯೊಂದನ್ನು ಕೈಗಿತ್ತರೆ ಮುಗಿಯಿತೆಂಬ ರೂಢಿ ಹೋಗಬೇಕು. ಯಾವ ಹಲ್ಲು ಇಲ್ಲ, ಯಾವುದರಲ್ಲಿ ಸಿಮೆಂಟು ತುಂಬಿದೆ, ಯಾವುದಕ್ಕೆ ಕವಚ ಹಾಕಿದೆ ಎಂಬುದನ್ನು ಎಕ್ಸ್‌ರೇ ಚಿತ್ರದ ಸಹಿತ ಕಾದಿಡುವ ಅಭ್ಯಾಸವನ್ನು ವಿದ್ಯಾರ್ಥಿದೆಸೆಯಲ್ಲಿಯೇ ದಂತವೈದ್ಯಕೀಯ ಕಾಲೇಜುಗಳು ಕಲಿಸಬೇಕು.