ಮನೆಯ ಈಜುಕೊಳಕ್ಕೆ ಎಂತಹ ಫಿಲ್ಟರು?



ಅಷ್ಟಾವರಣ, ಷಟ್‌ಸ್ಥಲ, ಸಂಸ್ಕಾರಗಳ ವಿಚಾರವನ್ನು ಈ ಅಂಕಣದಲ್ಲಿ ಓದುತ್ತ ಬಂದಿರುವ ತಮಗೆ ಈ ತಿಂಗಳ ಶಿರೋನಾಮೆಯು ಸೋಜಿಗವನ್ನುಂಟುಮಾಡೀತು. ಆದರೆ ಈ ಪ್ರಶ್ನೆಯು ಹುಟ್ಟಿದ್ದು ಸದ್ಭಕ್ತರೊಬ್ಬರ ಮನೆಯಲ್ಲಿಯೇ. ಅದನ್ನು ನನ್ನ ಮುಂದಿಟ್ಟವರು ತಿಪಟೂರು ಸೀಮೆಯಿಂದ ಬಂದು ಮಗನ ಮನೆಯಲ್ಲಿ ನೆಲೆಸಿರುವ ನಿವೃತ್ತ ಉಪಾಧ್ಯಾಯರು. ಮನೆಯಿರುವುದು ವೈಟ್‌ಫೀಲ್ಡಿನಾಚೆ, ವರ್ತೂರಿನ ದಿಕ್ಕಿನ ಹೊಸ ಬಡಾವಣೆಯೊಂದರಲ್ಲಿ. ಗೃಹಪ್ರವೇಶದ ಪೂಜೆ ಮುಗಿದು ಪ್ರಸಾದವಾದ ಮೇಲೆ ಅವರು ನನ್ನನ್ನು ಹಿತ್ತಲಿಗೆ ಕರೆದೊಯ್ದರು. ಅಲ್ಲಿ 6 ಮೀಟರ್ ಉದ್ದ, 3 ಮೀಟರ್ ಅಗಲದ ಕೊಳವೊಂದು ಸಿದ್ಧವಾಗಿತ್ತು; ನೀರು ತುಂಬಿರಲಿಲ್ಲ.

"ಅಯ್ನೋರೆ, ಇದು ನ್ಯಾಯವೋ ಅನ್ಯಾಯವೋ ತಾವೇ ಹೇಳಬೇಕು" ಎಂದರು. ಮಗನು ಸುಮ್ಮನಿರಲಿಲ್ಲ. "ಅಪ್ಪಾಜಿ, ಇದು ಷೋಕಿಗಲ್ಲ. ಅಮ್ಮನ ಮಂಡಿಗೆ ನೀರಿನಲ್ಲಿ ನಡೆಯುವ ವ್ಯಾಯಾಮವನ್ನು ಡಾಕ್ಟರೇ ಹೇಳಿದ್ದಾರೆ" ಎಂದನು. ತಂದೆಯವರು ಉತ್ತರಿಸದೆ ಕಾಂಪೌಂಡಿನ ಆಚೆಗೆ ಕೈ ತೋರಿದರು. ಅಲ್ಲಿ ಕಟ್ಟಡ ಕಾರ್ಮಿಕರ ತಗಡಿನ ಶೆಡ್ಡುಗಳು. ಅವುಗಳ ಮುಂದೆ ಟ್ಯಾಂಕರಿಗಾಗಿ ಸಾಲಾಗಿಟ್ಟ ಪ್ಲಾಸ್ಟಿಕ್ ಕೊಡಗಳು. ಕೊಳದ ಫಿಲ್ಟರನ್ನು ತೊಳೆದ ನೀರು ಹೊರಹೋಗುವ ಪೈಪು ಬಾಯಿ ತೆರೆದಿದ್ದುದು ಆ ಕೊಡಗಳ ಎದುರಿನ ಚರಂಡಿಗೆ.

ಕೊಳವೇ ಬೇಡವೆನ್ನಲು ನನಗೆ ಮನಸ್ಸಾಗಲಿಲ್ಲ. ಆ ತಾಯಿ ಮೆಟ್ಟಿಲು ಹತ್ತುವಾಗ ಪಟ್ಟ ಪಾಡನ್ನು ಕಂಡಿದ್ದೆ. ಆದರೆ ಯಾವ ಫಿಲ್ಟರನ್ನು ಹಾಕಿಸಬೇಕೆಂಬುದು ಇನ್ನೂ ನಿಶ್ಚಯವಾಗಿರಲಿಲ್ಲ. ವಿಚಾರಿಸಿ ಹೇಳುವೆನೆಂದು ಬಂದವನು ತಿಳಿದವರನ್ನು ಕೇಳಿ, ಓದಿ, ಅರಿತುದನ್ನು ಇಲ್ಲಿ ಬರೆಯುತ್ತಿದ್ದೇನೆ. ನೀರನ್ನು ಶೋಧಿಸುವ ವಿಚಾರ ನಮಗೆ ಹೊಸದಲ್ಲ. ಲಿಂಗಪೂಜೆಗೆ ತರುವ ನೀರಿಗೆ ಅಗ್ಘವಣಿಯೆಂಬ ಹೆಸರು. ಅಗ್ಘವಣಿಯನ್ನು ತರುವುದನ್ನೇ ಕಾಯಕ ಮಾಡಿಕೊಂಡ ಹಂಪಯ್ಯ, ಹೊನ್ನಯ್ಯನವರು ಶರಣರ ಸಾಲಿನಲ್ಲಿದ್ದಾರೆ. ಮಠದಲ್ಲಿ ನಾವು ಬಾಲಕರಾಗಿದ್ದಾಗ ಕೊಡದ ಬಾಯಿಗೆ ಮಡಿವಸ್ತ್ರವನ್ನು ಕಟ್ಟದೆ ನೀರು ತುಂಬಿದರೆ ಆ ಕೊಡವನ್ನು ಗಿಡಕ್ಕೆ ಸುರಿದು ಮತ್ತೆ ತರಬೇಕಾಗುತ್ತಿತ್ತು.

ಮನೆಯ ಕೊಳಗಳಿಗೆ ಬಳಸುವ ಫಿಲ್ಟರುಗಳು ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಮರಳಿನ ಫಿಲ್ಟರು. ದುಂಡನೆಯ ಟ್ಯಾಂಕಿನಲ್ಲಿ ಅರ್ಧ ಮಿಲಿಮೀಟರಿನ ಆಸುಪಾಸಿನ ಬಿಳಿಯ ಸಿಲಿಕಾ ಮರಳನ್ನು ತುಂಬಿರುತ್ತಾರೆ. ಹೊಳೆಯ ಮರಳು ಇದಕ್ಕೆ ಒದಗದು. ಪಂಪು ನೀರನ್ನು ಮೇಲಿನಿಂದ ಒತ್ತುತ್ತದೆ, ಕೊಳೆ ಮರಳಿನಲ್ಲಿ ಉಳಿಯುತ್ತದೆ. 20ರಿಂದ 40 ಮೈಕ್ರಾನಿನವರೆಗಿನ ಕಣಗಳನ್ನು ಇದು ಹಿಡಿಯುತ್ತದೆ; ಒಂದು ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಮರಳು ಐದಾರು ವರ್ಷ ಬಾಳುತ್ತದೆ. ನೋಡಿಕೊಳ್ಳುವುದು ಸುಲಭ, ಆದುದರಿಂದ ಮಾರುವವರು ಮೊದಲು ತೋರಿಸುವುದೂ ಇದನ್ನೇ. ಆದರೆ ಕೊಳೆ ತುಂಬಿದಾಗ ನೀರನ್ನು ಕೆಳಗಿನಿಂದ ಮೇಲಕ್ಕೆ ಹಿಮ್ಮುಖವಾಗಿ ಹರಿಸಿ ಹೊರಗೆ ಚೆಲ್ಲಬೇಕು. ಇದಕ್ಕೆ ಬ್ಯಾಕ್‌ವಾಶ್ ಎನ್ನುತ್ತಾರೆ.

ಎರಡನೆಯದು ಕಾರ್ಟ್ರಿಜ್ ಫಿಲ್ಟರು: ನಿರಿಗೆ ಹಿಡಿದ ಪಾಲಿಯೆಸ್ಟರ್ ಬಟ್ಟೆಯ ಉರುಳೆ. ನಮ್ಮ ಕೊಡದ ಬಾಯಿಯ ಮಡಿವಸ್ತ್ರದ ವಂಶಸ್ಥನೇ ಎನ್ನಬಹುದು. 10ರಿಂದ 20 ಮೈಕ್ರಾನಿನ ಕಣಗಳು ಇದರಲ್ಲಿ ಸಿಕ್ಕಿಬೀಳುತ್ತವೆ. ಬ್ಯಾಕ್‌ವಾಶ್ ಇಲ್ಲ, ಉರುಳೆಯನ್ನು ಹೊರತೆಗೆದು ಪೈಪಿನ ನೀರಿನಿಂದ ತೊಳೆದರಾಯಿತು. ಎರಡು ಮೂರು ವರ್ಷಕ್ಕೊಮ್ಮೆ ಹೊಸತನ್ನು ಕೊಳ್ಳಬೇಕು.

ಮೂರನೆಯದರಲ್ಲಿ ಡಯಟಮ್ ಎಂಬ ಸೂಕ್ಷ್ಮ ಜಲಜೀವಿಗಳ ಚಿಪ್ಪಿನ ಪುಡಿಯನ್ನು ಬಟ್ಟೆಯ ಮೇಲೆ ಲೇಪಿಸಿರುತ್ತಾರೆ. 3ರಿಂದ 5 ಮೈಕ್ರಾನಿನವರೆಗೆ ಸೋಸುತ್ತದೆ, ನೀರು ಸ್ಫಟಿಕದಂತಾಗುತ್ತದೆ. ಆದರೆ ತೊಳೆದಾಗಲೆಲ್ಲ ಹೊಸ ಪುಡಿ ಹಾಕಬೇಕು, ಆ ಪುಡಿಯ ಧೂಳು ಶ್ವಾಸಕೋಶಕ್ಕೆ ಹಾನಿಕರ. ಮಕ್ಕಳು ಮುದುಕರಿರುವ ಮನೆಗೆ ಇದು ತಕ್ಕುದಲ್ಲವೆಂಬುದು ನನ್ನ ಮತ.

ಇನ್ನು ಲೆಕ್ಕ. ಆ ಕೊಳದ ಆಳ 1.2 ಮೀಟರ್, ಅಂದರೆ ಹಿಡಿಯುವ ನೀರು 21,600 ಲೀಟರ್, 12,000 ಲೀಟರಿನ ಟ್ಯಾಂಕರಿನಲ್ಲಿ ಎರಡು ಲೋಡಿಗೆ ಸ್ವಲ್ಪ ಕಡಿಮೆ. ಪಂಪು ನಿಮಿಷಕ್ಕೆ 120 ಲೀಟರ್ ಎತ್ತಿದರೆ ಮೂರು ಗಂಟೆಗೆ ಕೊಳದಷ್ಟು ನೀರು ಒಮ್ಮೆ ಫಿಲ್ಟರಿನೊಳಗೆ ಸುತ್ತಿಬರುತ್ತದೆ. ಬೆಳಿಗ್ಗೆ ಮೂರು, ಸಂಜೆ ಮೂರು ಗಂಟೆ ಓಡಿಸಿದರೆ ಸಾಕು. ಈ ಪಂಪಿಗೆ 20 ಅಂಗುಲ ವ್ಯಾಸದ ಮರಳಿನ ಟ್ಯಾಂಕು ಬೇಕು, ಇಲ್ಲವೆ 100 ಚದರಡಿ ಬಟ್ಟೆಯುಳ್ಳ ಕಾರ್ಟ್ರಿಜ್. ಹೆಚ್ಚಿನವರು ಎಡವುವುದು ಇಲ್ಲಿಯೇ. ಪಂಪು ದೊಡ್ಡದಾದಷ್ಟೂ ಒಳಿತೆಂದು ತಿಳಿದು, ಫಿಲ್ಟರನ್ನು ಚಿಕ್ಕದು ಕೊಳ್ಳುತ್ತಾರೆ. ಆಗ ನೀರು ಮರಳನ್ನು ಕೊರೆದು ದಾರಿ ಮಾಡಿಕೊಂಡು ಸೋಸದೆಯೇ ಹಿಂತಿರುಗುತ್ತದೆ. ಫಿಲ್ಟರು ದೊಡ್ಡದಿರಲಿ, ಪಂಪು ಮಿತವಾಗಿರಲಿ.

ಅದೇ ಪಂಪಿನಿಂದ ಮೂರು ನಿಮಿಷ ಬ್ಯಾಕ್‌ವಾಶ್ ಮಾಡಿದರೆ 360 ಲೀಟರ್ ಚರಂಡಿಗೆ ಹೋಗುತ್ತದೆ. ವಾರಕ್ಕೊಮ್ಮೆಯಂತೆ ತಿಂಗಳಿಗೆ ಸುಮಾರು 1,500 ಲೀಟರ್. 15 ಲೀಟರಿನ ಕೊಡದಲ್ಲಿ ನೂರು ಕೊಡ. ಕಾರ್ಟ್ರಿಜನ್ನು ತೊಳೆಯಲು ಒಂದು ಸಲಕ್ಕೆ ಅಂತಹ ಏಳು ಕೊಡ ಮೀರದು, ಅದೂ ವಾರವಾರವಲ್ಲ. ಉಪಾಧ್ಯಾಯರು ಈ ಲೆಕ್ಕವನ್ನು ಎರಡು ಬಾರಿ ಕೂಡಿಸಿ ನೋಡಿ ಮಗನ ಮುಖವನ್ನು ನೋಡಿದರು.

ಇದು ಬೇರೆ ಊರಿನಲ್ಲಾಗಿದ್ದರೆ ಇಷ್ಟು ಯೋಚಿಸಬೇಕಾಗಿರಲಿಲ್ಲ. ಬೆಂಗಳೂರಿನ ಈ ಹೊರವಲಯವು ಬಹುಕಾಲ ಕೊಳವೆಬಾವಿ ಮತ್ತು ಟ್ಯಾಂಕರುಗಳನ್ನೇ ನಂಬಿತ್ತು. 2024ರ ಬೇಸಿಗೆಯಲ್ಲಿ ಬಾವಿಗಳು ಬತ್ತಿದಾಗ, ಈಜುಕೊಳಗಳಿಗೆ ಕುಡಿಯುವ ನೀರನ್ನು ಬಳಸಬಾರದೆಂದು ಜಲಮಂಡಳಿಯು ಮಾರ್ಚಿಯಲ್ಲಿ ಆಜ್ಞೆ ಹೊರಡಿಸಿ 5,000 ರೂಪಾಯಿ ದಂಡವನ್ನು ವಿಧಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಕಾವೇರಿ ಐದನೆಯ ಹಂತದ ಯೋಜನೆ ಉದ್ಘಾಟನೆಯಾಯಿತು. ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ದಿನಕ್ಕೆ 77.5 ಕೋಟಿ ಲೀಟರ್ ಕೊಡುವುದು ಅದರ ಉದ್ದೇಶ. ಆ ನೀರು ಸುಮಾರು ನೂರು ಕಿಲೋಮೀಟರು ದೂರದಿಂದ ಏರಿ ಬರುವ ನೀರು. ಕೊಳಕ್ಕೆ ಸುರಿಯಲೆಂದು ಬಂದುದಲ್ಲ.

ಹಾಗಾದರೆ ಕೊಳಕ್ಕೆ ನೀರೆಲ್ಲಿಂದ? ಮಳೆಯಿಂದ ಎಂಬುದೇ ನನ್ನ ಉತ್ತರ. ಈ ಊರಿನಲ್ಲಿ ವರ್ಷಕ್ಕೆ ಸುಮಾರು 900 ಮಿಲಿಮೀಟರಿಗೆ ಮೀರಿ ಮಳೆಯಾಗುತ್ತದೆ. 100 ಚದರ ಮೀಟರಿನ ತಾರಸಿಯಿಂದ, ಪೋಲಾಗುವುದನ್ನು ಕಳೆದರೂ, 70,000 ಲೀಟರಿಗೆ ಕಡಿಮೆಯಿಲ್ಲದೆ ದೊರೆಯುತ್ತದೆ. ಕೊಳವನ್ನು ಮೂರು ಬಾರಿ ತುಂಬಬಹುದು. ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದುದು ಮಳೆಯನ್ನು ನಂಬಿಯೇ. ರಾತ್ರಿ ಕೊಳಕ್ಕೆ ಹೊದಿಕೆ ಹಾಸುವುದೂ ಮುಖ್ಯ. ದಿನಕ್ಕೆ 5 ಮಿಲಿಮೀಟರು ಆವಿಯಾದರೂ ಆ ಕೊಳದಲ್ಲಿ 90 ಲೀಟರ್ ಹೋದಂತೆ.

ಫಿಲ್ಟರು ಮಾಡಲಾರದ ಕೆಲಸಗಳನ್ನೂ ತಿಳಿದಿರಬೇಕು. ಅದು ಕಣಗಳನ್ನು ಹಿಡಿಯುತ್ತದೆಯೇ ಹೊರತು ನೀರಿನಲ್ಲಿ ಕರಗಿದುದನ್ನು ಹಿಡಿಯದು. ಪೀಣ್ಯದ ಸುತ್ತಿನ ಅಂತರ್ಜಲದಲ್ಲಿ ಲೋಹಲೇಪನದ ಕಾರ್ಖಾನೆಗಳಿಂದ ಸೇರಿದ ಕ್ರೋಮಿಯಂ ಪತ್ತೆಯಾಗಿದೆ. ಅಂತಹ ನೀರು ಯಾವ ಫಿಲ್ಟರಿನಲ್ಲಿ ಹಾಯ್ದರೂ ಕ್ರೋಮಿಯಂ ಹಾಗೆಯೇ ಉಳಿಯುತ್ತದೆ. ಆ ಭಾಗದ ಭಕ್ತರು ಕೊಳವೆಬಾವಿಯ ನೀರನ್ನು ಪರೀಕ್ಷೆ ಮಾಡಿಸದೆ ಮಕ್ಕಳನ್ನು ಇಳಿಸಕೂಡದು. ರೋಗಾಣುಗಳನ್ನು ಕೊಲ್ಲುವುದೂ ಫಿಲ್ಟರಲ್ಲ, ಕ್ಲೋರಿನ್. ಲೀಟರಿಗೆ 1ರಿಂದ 3 ಮಿಲಿಗ್ರಾಂ ಉಳಿದಿರಬೇಕು. ಗಡಸು ನೀರಾದರೆ ಕಾರ್ಟ್ರಿಜಿನ ನಿರಿಗೆಗಳಲ್ಲಿ ಸುಣ್ಣ ಕಟ್ಟಿ ಆಯುಸ್ಸು ಕುಗ್ಗುತ್ತದೆ, ಅದಕ್ಕೆ ಆಮ್ಲದ ತೊಳೆತ ಬೇಕು. ಆಮ್ಲಕ್ಕೆ ಮೊದಲು ಸೋಪಿನ ನೀರಿನಲ್ಲಿ ನೆನೆಸಿ ಜಿಡ್ಡನ್ನು ತೆಗೆಯಬೇಕು. ತಿರುಗುಮುರುಗು ಮಾಡಿದರೆ ಜಿಡ್ಡು ಬಟ್ಟೆಯಲ್ಲಿ ಕಚ್ಚಿಕೊಳ್ಳುತ್ತದೆ. ಜಿಡ್ಡೆಲ್ಲಿಂದ ಎನ್ನುವಿರಾ? ನಮ್ಮ ಹೆಣ್ಣುಮಕ್ಕಳ ತಲೆಯ ಕೊಬ್ಬರಿ ಎಣ್ಣೆಯಿಂದ. ಸ್ನಾನ ಮಾಡಿಯೇ ಕೊಳಕ್ಕಿಳಿಯಬೇಕೆಂಬ ನಿಯಮವು ಮಡಿಗಾಗಿ ಅಲ್ಲ, ಬಟ್ಟೆಗಾಗಿ.

ಇಷ್ಟಲಿಂಗವನ್ನು ಧರಿಸಿಯೇ ಇಳಿಯಬೇಕೆ ಎಂದು ಸೊಸೆಯು ಕೇಳಿದಳು. ಅಂಗದಿಂದ ಲಿಂಗವನ್ನು ಅಗಲಿಸುವಂತಿಲ್ಲ. ಆದರೆ ಕ್ಲೋರಿನ್ ನೀರಿನಲ್ಲಿ ಬೆಳ್ಳಿ ಕಪ್ಪಾಗುತ್ತದೆ. ಬೆಳ್ಳಿಯ ಕರಡಿಗೆಯ ಬದಲು ಆ ಹೊತ್ತಿಗೆ ವಸ್ತ್ರದಲ್ಲಿ ಕಟ್ಟಿ ಧರಿಸಬಹುದೆಂದೆ.

ಕೊನೆಗೆ ಅವರು ಹಾಕಿಸಿದ್ದು ಕಾರ್ಟ್ರಿಜನ್ನು. ಮಾರಾಟದವನು, ಎಲ್ಲರೂ ಮರಳನ್ನೇ ಹಾಕಿಸುತ್ತಾರೆಂದು ಕಡೆಯವರೆಗೂ ವಾದಿಸಿದನಂತೆ. ದೊಡ್ಡ ಕೊಳಗಳಿಗೆ, ಹಲವರು ಇಳಿಯುವಲ್ಲಿಗೆ ಅವನ ಮಾತು ನಿಜವೇ. ಅಲ್ಲಿ ಬ್ಯಾಕ್‌ವಾಶ್ ನೀರನ್ನು ತೊಟ್ಟಿಯಲ್ಲಿ ಹಿಡಿದು, ಎರಡು ದಿನ ಬಿಸಿಲಿಗೆ ಬಿಟ್ಟು ಕ್ಲೋರಿನ್ ಕಳೆದ ಮೇಲೆ ಗಿಡಗಳಿಗೆ ಹಾಯಿಸಬೇಕು. ಚರಂಡಿಯ ಪೈಪನ್ನು ಈಗ ತೆಂಗಿನ ಪಾತಿಗೆ ತಿರುಗಿಸಿದ್ದಾರೆ. ಶೆಡ್ಡುಗಳ ನೀರಿನ ಕಷ್ಟ ಇದರಿಂದ ತೀರಲಿಲ್ಲ. ಆ ತಾಯಿಯು ಹಟ ಹಿಡಿದು ಕಾಂಪೌಂಡಿನ ಹೊರಕ್ಕೊಂದು ನಲ್ಲಿಯನ್ನು ಹಾಕಿಸಿದ್ದಾರೆ.

ಮೊನ್ನೆ ಹೋದಾಗ ಅವರು ಕೈ ಹಿಡಿಯುವವರಿಲ್ಲದೆ ನೀರಿನಲ್ಲಿ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದರು. ಉಪಾಧ್ಯಾಯರು ಪಂಪಿನ ಬಳಿ ಹಾಲಿನ ಲೆಕ್ಕದ ಪುಸ್ತಕವನ್ನು ಹಿಡಿದು ನಿಂತಿದ್ದರು. ಫಿಲ್ಟರು ಶುದ್ಧವಿದ್ದಾಗ ಗೇಜಿನ ಮುಳ್ಳು 12ರಲ್ಲಿತ್ತು, ಅದಕ್ಕಿಂತ 8 ಏರಿದರೆ ತೊಳೆಯಬೇಕೆಂದು ಹೇಳಿದ್ದೆ. ಅದನ್ನು ನಿತ್ಯವೂ ಬರೆದಿಡುತ್ತಿದ್ದಾರೆ. "ಇವತ್ತು ಹದಿನೇಳು ಅಯ್ನೋರೆ" ಎಂದರು.