ಮಗನೆಂಬ ಹುದ್ದೆ

“ಇವಳು ನಮಗೆ ಮಗಳಲ್ಲ, ಮಗ” ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ತಂದೆತಾಯಿ ನಮ್ಮ ನಡುವೆ ಬೇಕಾದಷ್ಟು ಮಂದಿ. ಸಂಬಳ ತಂದುಕೊಡುವ, ಮನೆಯ ಸಾಲ ತೀರಿಸುವ, ಆಸ್ಪತ್ರೆಗೆ ಓಡಾಡುವ ಮಗಳಿಗೆ ಸಲ್ಲುವ ದೊಡ್ಡ ಹೊಗಳಿಕೆ ಅದು. ಅದರ ಹಿಂದಿನ ಪ್ರೀತಿಯನ್ನು ನಾನು ಅನುಮಾನಿಸುವುದಿಲ್ಲ. ಆದರೂ ಆ ಮಾತನ್ನು ನಾವು ಬಿಡಬೇಕು. ಮಗಳು ಪಟ್ಟ ಕಷ್ಟವನ್ನು ಅದು ಹುಟ್ಟದೇ ಇರುವ ಒಬ್ಬ ಮಗನ ಲೆಕ್ಕಕ್ಕೆ ಬರೆಯುತ್ತದೆ.

ಆಡುಮಾತಿನಲ್ಲಿ ‘ಮಗ’ ಇಷ್ಟು ಭಾರದ ಪದವಲ್ಲ. ಮಗ, ಮಗಳು, ಮಗು ಒಂದೇ ಬೇರಿನವು. ಬಹುವಚನದಲ್ಲಿ ಎಲ್ಲರೂ ‘ಮಕ್ಕಳು’. ಚಾಮರಾಜನಗರದ ಕಡೆ ಹುಡುಗ ‘ಐದ’, ಕುಂದಾಪುರದಲ್ಲೂ ಹವ್ಯಕರ ಮನೆಗಳಲ್ಲೂ ‘ಮಾಣಿ’. ಧಾರವಾಡದ ಕಡೆ ಗುರುತಿಲ್ಲದ ಹುಡುಗನೂ ‘ತಮ್ಮಾ’, ಬೆಂಗಳೂರಿನ ಕಾಲೇಜುಗಳಲ್ಲಿ ಗೆಳೆಯನೇ ‘ಮಗಾ’. ಇವೆಲ್ಲ ಸಲುಗೆಯ ಮಾತುಗಳು. ‘ವಂಶೋದ್ಧಾರಕ’ ಎಂದಾಗ ಮಾತ್ರ ದನಿ ಬದಲಾಗುತ್ತದೆ. ‘ಪುತ್’ ಎಂಬ ನರಕದಿಂದ ತಂದೆಯನ್ನು ಪಾರುಮಾಡುವವನೇ ಪುತ್ರ ಎಂದು ಮನುಸ್ಮೃತಿ ಅರ್ಥ ಹೇಳುತ್ತದೆ. ಅಲ್ಲಿ ಪುತ್ರನೆಂದರೆ ತೊಟ್ಟಿಲಲ್ಲಿ ಮಲಗಿದ ಕೂಸಲ್ಲ, ಅದು ಹುಟ್ಟುವ ಮೊದಲೇ ಗೊತ್ತುಮಾಡಿಟ್ಟ ಹುದ್ದೆ.

ಹುದ್ದೆ ಎಂದದ್ದು ಅಲಂಕಾರಕ್ಕಲ್ಲ. ಬಳ್ಳಾರಿ ಸೀಮೆಯಲ್ಲಿ ಗಂಡುಮಕ್ಕಳಿಲ್ಲದ ಕೆಲವು ಮನೆಗಳಲ್ಲಿ ಮಗಳನ್ನು ದೇವರ ಹೆಸರಿನಲ್ಲಿ ಬಸವಿ ಬಿಡುತ್ತಿದ್ದರು. ಅವಳಿಗೆ ಮದುವೆಯಿಲ್ಲ, ತವರಿನಲ್ಲೇ ಬಾಳು. ತಂದೆಯ ಆಸ್ತಿ ಅವಳಿಗೆ, ಅವನ ಉತ್ತರಕ್ರಿಯೆಯ ಹೊಣೆಯೂ ಅವಳದೇ. ಅವಳ ಮಕ್ಕಳು ಅದೇ ಮನೆತನದವರು. ಅಂದರೆ ಹೆಣ್ಣು ಮಗನಾಗಬಹುದಿತ್ತು, ತನ್ನ ಬದುಕನ್ನು ಬೆಲೆಯಾಗಿ ತೆತ್ತು. ದೇವದಾಸಿ ಪದ್ಧತಿಯನ್ನು ನಿಷೇಧಿಸಿದ 1982ರ ಕಾಯ್ದೆ ಬಂದದ್ದು ಇಂಥ ಎಷ್ಟೋ ಹೆಣ್ಣುಮಕ್ಕಳ ಬಾಳು ಹಾಳಾದ ಮೇಲೆ. ಕರಾವಳಿಯ ಬಂಟರಲ್ಲಿ, ಬಿಲ್ಲವರಲ್ಲಿ ನಡೆದುಬಂದ ಅಳಿಯಕಟ್ಟಿನ ದಾರಿಯೇ ಬೇರೆ. ಅಲ್ಲಿ ಮನೆತನ ತಾಯಿಯ ಕಡೆಯಿಂದ ಸಾಗುತ್ತಿತ್ತು. ಯಜಮಾನನ ಮಗನಿಗಲ್ಲ, ಅಕ್ಕತಂಗಿಯರ ಮಕ್ಕಳಿಗೆ ಕುಟುಂಬದ ಪಾಲು. ಆ ಮಗನೂ ತಂದೆಗೆ ಹುಟ್ಟಿದವನೇ, ಹುದ್ದೆ ಮಾತ್ರ ಅವನದಲ್ಲ. ಗಂಡು ಬೇಕೆಂಬ ಹಂಬಲ ರಕ್ತದಲ್ಲೇ ಇದೆ ಎನ್ನುವವರು ಈ ಎರಡನ್ನೂ ಎದುರಿಗಿಟ್ಟುಕೊಂಡು ಯೋಚಿಸಬೇಕು.

ಕಾನೂನು ಈ ಹುದ್ದೆಯನ್ನು ಬಹುಮಟ್ಟಿಗೆ ರದ್ದುಮಾಡಿದೆ. ಒಟ್ಟು ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಪಾಲು ಎಂದು ಕರ್ನಾಟಕ 1994ರಲ್ಲೇ ಜಾರಿಗೆ ತಂದಿತು, ಅಷ್ಟರಲ್ಲಿ ಮದುವೆಯಾಗಿದ್ದವರನ್ನು ಹೊರಗಿಟ್ಟು. 2005ರ ಕೇಂದ್ರ ತಿದ್ದುಪಡಿಯಲ್ಲಿ ಆ ಷರತ್ತೂ ಇಲ್ಲ. ತಿದ್ದುಪಡಿಯ ಹೊತ್ತಿಗೆ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹೆತ್ತವರನ್ನು ಸಾಕುವ ಹೊಣೆಯನ್ನು 2007ರ ಕಾಯ್ದೆ ಮಗ, ಮಗಳು ಇಬ್ಬರಿಗೂ ಹೊರಿಸಿದೆ.

ಇಷ್ಟಾದರೂ 2011ರ ಜನಗಣತಿಯಲ್ಲಿ ಕರ್ನಾಟಕದ ಆರು ವರ್ಷದವರೆಗಿನ ಸಾವಿರ ಗಂಡುಮಕ್ಕಳಿಗೆ 948 ಹೆಣ್ಣುಮಕ್ಕಳಿದ್ದರು, 1991ರಲ್ಲಿ 960. ಮಂಡ್ಯದ ಬಳಿ ಆಲೆಮನೆಯೊಂದರಲ್ಲಿ ಭ್ರೂಣದ ಲಿಂಗ ಪತ್ತೆ ನಡೆಯುತ್ತಿದ್ದುದು 2023ರಲ್ಲಿ ಬಯಲಾಯಿತು. ಅಲ್ಲಿಗೆ ಹೋದವರನ್ನು ಬೈಯುವುದು ಸುಲಭ. ಮಗಳನ್ನು ಹೊಗಳಲು ನಮಗೆ ‘ಮಗ’ ಎಂಬ ಮಾತೇ ಬೇಕಾಗಿರುವಾಗ, ಅವರನ್ನು ಅಲ್ಲಿಗೆ ಕಳಿಸಿದ ನಂಬಿಕೆಯಲ್ಲಿ ನಮ್ಮ ಪಾಲೂ ಇದೆ.

ಈ ಹೊಗಳಿಕೆ ಸಬ್ ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲು ಹತ್ತುವುದಿಲ್ಲ ಎಂಬುದೇ ನನ್ನನ್ನು ಹೆಚ್ಚು ನೋಯಿಸುವುದು. ವರ್ಷಗಟ್ಟಲೆ ‘ಮಗನ ಹಾಗೆ’ ನೋಡಿಕೊಂಡವಳನ್ನೂ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಲು ಕರೆಯುತ್ತಾರೆ. ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ಕೊಟ್ಟು, ತವರಿನ ಬಾಗಿಲು ಮುಚ್ಚಿಕೊಳ್ಳಬೇಡ ಎನ್ನುತ್ತಾರೆ. ಹೊಣೆ ಹೊರುವಾಗ ಮಗನಾಗಿದ್ದವಳು ಪಾಲು ಕೇಳುವಾಗ ಕೊಟ್ಟ ಹೆಣ್ಣು.

ಗಂಡುಮಕ್ಕಳಿಗೂ ಈ ಹುದ್ದೆ ಹಗುರವಲ್ಲ. ಅಪ್ಪನ ಸಾಲ, ತಂಗಿಯ ಮದುವೆ, ಮನೆಯ ಮರ್ಯಾದೆ ಎಲ್ಲ ತನ್ನ ತಲೆಗೇ ಎಂದು ಕೇಳುತ್ತಲೇ ಬೆಳೆದ ಹುಡುಗ, ನನ್ನಿಂದ ಆಗುತ್ತಿಲ್ಲ ಎಂದು ಯಾರ ಮುಂದೆ ಹೇಳಿಯಾನು? ಅಕ್ಕನೋ ತಂಗಿಯೋ ಆ ಹೊಣೆಯನ್ನು ಮಗಳಾಗಿಯೇ ಹಂಚಿಕೊಂಡರೆ ಅವನಿಗೂ ಉಸಿರಾಡಲು ಜಾಗ ಸಿಗುತ್ತದೆ. ಹಾಗಾಗಿ “ನಮ್ಮನ್ನು ಮಗಳು ನೋಡಿಕೊಳ್ಳುತ್ತಾಳೆ” ಎಂದಷ್ಟೇ ಹೇಳೋಣ. ವಂಶವೃಕ್ಷ ಬರೆಸುವಾಗಲೂ, ಪೌತಿ ಖಾತೆಗೆ ಅರ್ಜಿ ಕೊಡುವಾಗಲೂ ಅವಳ ಹೆಸರನ್ನು ಬಿಡದೆ ಸೇರಿಸೋಣ.