ಈ ಮಗುವಿನ ಬಾಯಿ ಮುಚ್ಚಿಸಿದವರು ಯಾರು?

ಬೆತ್ತಲೆ ಮೈ, ತಲೆಯ ಒಂದು ಪಕ್ಕಕ್ಕೆ ಇಳಿಬಿಟ್ಟ ಜಡೆ, ಬಾಯಿಯತ್ತ ಒಯ್ದ ಬೆರಳು. ಪ್ರಾಚೀನ ಈಜಿಪ್ಟಿನ ಬಾಲದೇವರ ಈ ಪುಟ್ಟ ಕಂಚಿನ ಮೂರ್ತಿಗಳು ಇಂದು ಜಗತ್ತಿನ ಹಲವು ಮ್ಯೂಸಿಯಂಗಳಲ್ಲಿವೆ. ಈಜಿಪ್ಟಿನವರು ಈತನನ್ನು ‘ಮಗು ಹೋರಸ್’ ಎಂದರು. ಗ್ರೀಕರ ನಾಲಿಗೆಯಲ್ಲಿ ಅದು ಹಾರ್ಪೊಕ್ರೆಟಿಸ್ ಆಯಿತು. ಬದಲಾದದ್ದು ಹೆಸರಷ್ಟೇ ಆಗಿದ್ದರೆ ನಮ್ಮ ತಕರಾರಿರಲಿಲ್ಲ. ಈಜಿಪ್ಟಿನ ಚಿತ್ರಲಿಪಿಯಲ್ಲಿ ಬಾಯಿಗೆ ಕೈಯಿಟ್ಟ ಆಕೃತಿಯೆಂದರೆ ಮಗು, ಅಷ್ಟೇ. ಗ್ರೀಕರೂ ರೋಮನರೂ ಅದನ್ನು ‘ಸದ್ದು ಮಾಡಬೇಡಿ’ ಎಂದು ಓದಿ, ಮಗುವನ್ನು ಮೌನದ ದೇವರನ್ನಾಗಿಸಿದರು.

ಆದರೆ ಈ ಮೂರ್ತಿಗಳು ಮೂಕವಲ್ಲ. ಕ್ರಿ.ಪೂ. 664ರ ನಂತರದ ಶತಮಾನಗಳಲ್ಲಿ ಭಕ್ತರು ಇಂಥವನ್ನು ಹರಕೆಯಾಗಿ ಗುಡಿಗಳಿಗೆ ಒಪ್ಪಿಸುತ್ತಿದ್ದರು. ಕೆಲವುಗಳ ಪೀಠದಲ್ಲಿ ಇಂಥವನಿಗೆ ಆಯುಷ್ಯ ಕೊಡು ಎಂಬ ಬೇಡಿಕೆಯಿದೆ. ಜೊತೆಗೆ ಅವನ ತಂದೆಯ ಹೆಸರು, ಹಲವೊಮ್ಮೆ ತಾಯಿಯ ಹೆಸರು. ರಾಜರ ಶಾಸನಗಳಲ್ಲಿ ಸಿಗದ ಸಂಸಾರಗಳು ಇಲ್ಲಿ ಸಿಗುತ್ತವೆ.

ಗುಡಿಯಲ್ಲಿ ಹರಕೆಗಳು ತುಂಬಿ ಹೋದಾಗ ಅವನ್ನು ಆವರಣದಲ್ಲೇ ಹೂಳುವ ಪದ್ಧತಿಯಿತ್ತು. ಕಾರ್ನಾಕಿನ ಗುಡಿಯ ಅಂಗಳದಲ್ಲಿ 1903ರಿಂದ ಜಾರ್ಜ್ ಲೆಗ್ರೇನ್ ಅಗೆಸಿದಾಗ ನೂರಾರು ಕಲ್ಲಿನ ಪ್ರತಿಮೆಗಳ ಜೊತೆ ವಿವಿಧ ದೇವತೆಗಳ ಸುಮಾರು 17,000 ಕಂಚಿನ ವಸ್ತುಗಳು ಸಿಕ್ಕವು. ಸಿಕ್ಕಿದ ಜಾಗ ಗೊತ್ತಿದ್ದರೆ ಯಾವ ಗುಡಿ, ಯಾವ ಕಾಲ, ಪಕ್ಕದಲ್ಲಿ ಏನಿತ್ತು ಎಂದೆಲ್ಲ ತಿಳಿಯುತ್ತದೆ. ಕಳ್ಳರು ಅಗೆದರೆ ಅದಷ್ಟೂ ಮಣ್ಣುಪಾಲು.

1983ರ ಕಾನೂನಿನಿಂದ ಈಜಿಪ್ಟ್ ಪುರಾತನ ವಸ್ತುಗಳ ವ್ಯಾಪಾರವನ್ನೇ ನಿಷೇಧಿಸಿತು. ಯುರೋಪ್, ಅಮೆರಿಕದ ಹರಾಜುಗಳಲ್ಲಿ ಮಾತ್ರ ಈ ವ್ಯಾಪಾರ ನಿಂತಿಲ್ಲ. ‘ಖಾಸಗಿ ಸಂಗ್ರಹದಿಂದ’ ಎಂದು ಬರೆದುಬಿಟ್ಟರೆ ಸಾಕೇ? ಅದಕ್ಕೂ ಮೊದಲು ಕಾನೂನುಬದ್ಧವಾಗಿ ಹೊರಬಂದವು ಇವೆ, ಒಪ್ಪುತ್ತೇವೆ. ಹಾಗಿದ್ದರೆ ಕಾಗದ ತೋರಿಸಲಿ. ಮೂವತ್ತು ನಲವತ್ತರ ಸೈಟು ಕೊಳ್ಳುವಾಗಲೂ ನಾವು ಹಿಂದಿನ ಪತ್ರ ಕೇಳುವುದಿಲ್ಲವೇ?

‘ಅಲ್ಲಿನವರಿಗೆ ಇದರ ಬೆಲೆ ಗೊತ್ತಿಲ್ಲ, ನಾವು ಉಳಿಸಿದೆವು’ ಎಂಬುದು ಕೊಳ್ಳುವವರ ಹಳೆಯ ವಾದ. ಬಗ್ದಾದಿನ ವೈದ್ಯ ಅಬ್ದುಲ್ ಲತೀಫ್ 1200ರ ಸುಮಾರಿಗೆ ಈಜಿಪ್ಟಿನಲ್ಲಿದ್ದು, ಅಲ್ಲಿನ ಅವಶೇಷಗಳನ್ನು ಬೆರಗಿನಿಂದ ವರ್ಣಿಸಿದರು, ನಿಧಿಯಾಸೆಗೆ ಅವನ್ನು ಒಡೆಯುವವರನ್ನು ಖಂಡಿಸಿದರು. 2011ರ ಜನವರಿಯಲ್ಲಿ ಕೈರೋ ಮ್ಯೂಸಿಯಂಗೆ ಕಳ್ಳರು ನುಗ್ಗಿದಾಗ, ಅದರ ಕಾವಲಿಗೆ ಕೈಕೈ ಹಿಡಿದು ನಿಂತವರು ಅಲ್ಲಿನ ಜನಸಾಮಾನ್ಯರೇ. ಅಗೆಯುವ ಕಳ್ಳರೂ ಅಲ್ಲಿಯವರಿರಬಹುದು. ಆದರೆ ಕೊಳ್ಳುವವರಿಲ್ಲದೆ ಕಳ್ಳ ಗುದ್ದಲಿ ಹಿಡಿಯುವುದಿಲ್ಲ.

ಆದ್ದರಿಂದ ನಾವು ಕೇಳುವುದಿಷ್ಟೆ. ಪ್ರತಿ ಮೂರ್ತಿಯ ಜೊತೆ ಸಿಕ್ಕಿದ ಜಾಗವನ್ನೂ ಅದು ಈಜಿಪ್ಟ್ ಬಿಟ್ಟ ವರ್ಷವನ್ನೂ ಬರೆಯಲಿ. ಈಜಿಪ್ಟ್ ಬಿಟ್ಟದ್ದು ಹೇಗೆಂದು ತೋರಿಸಲಾಗದ್ದನ್ನು ಯಾರೂ ಮಾರುವುದು ಬೇಡ, ಯಾವ ಮ್ಯೂಸಿಯಮ್ಮೂ ಕೊಳ್ಳುವುದು ಬೇಡ.